ಹೂ ಇದ್ದರೆ ಮಾತ್ರ ತೋಟವಾ?

ಈಗಷ್ಟೇ ಒಬ್ಬರು ಬಂದು ಹೋದರು. ಕೋಪ ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಆದರೆ ಕೋಪ ಇಳಿದರೆ ಬರೆಯುವ ಹುಮ್ಮಸ್ಸೂ ಇಳಿದುಹೋಗುತ್ತದೆ, ಅದಕ್ಕೇ ಈಗಲೇ ಕೂತಿದ್ದೇನೆ. "ನಿಮ್ಮ ತೋಟ ನೋಡಲೇಬೇಕು" ಅಂತ ತಾವಾಗಿಯೇ ಬಂದವರು. ಒಂದು ಸುತ್ತು ನೋಡಿದರು. ಸುತ್ತು ಅಂದರೆ ಕತ್ತು ಮಾತ್ರ ಸುತ್ತಿತು, ಕಾಲು ಗೇಟಿನ ಹತ್ತಿರವೇ ಇತ್ತು. "ಫೋಟೋದಲ್ಲಿ ಎಷ್ಟೊಂದು ಹೂ ಇತ್ತಲ್ಲ, ಈಗೇನೂ ಇಲ್ವೇ ಇಲ್ಲ! ಗುಲಾಬಿ ಎಲ್ಲಾ ಸತ್ತೋಯ್ತಾ?"

ನಮ್ಮವರು ಹಿಂದಿನ ದಿನವಷ್ಟೇ ಗುಲಾಬಿ ಕತ್ತರಿಸಿ ಮುಗಿಸಿದ್ದರು. ಮೊಣಕೈವರೆಗೂ ಮುಳ್ಳು ಗೀರಿದ ಗಾಯ. ಆದರೂ ನಕ್ಕು ಸುಮ್ಮನಾದರು. ನನಗೆ ಆ ಗುಣ ಇಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

ಕಟಿಂಗ್ ಮಾಡಿಸಿಕೊಂಡು ಬಂದವರನ್ನು ನೋಡಿ ಯಾರಾದರೂ "ಕೂದಲು ಸತ್ತೋಯ್ತಾ" ಅಂತ ಕೇಳ್ತಾರಾ? ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿಗಳನ್ನು ಹಾಗೇ ಬಿಟ್ಟರೆ ಗಿಡ ಸುಮ್ನೆ ಉದ್ದಕ್ಕೆ ಹೋಗುತ್ತದೆ, ಹೂ ಸಣ್ಣದಾಗುತ್ತಾ ಬರುತ್ತದೆ. ಕತ್ತರಿಸುವಾಗಲೂ ಎಲ್ಲೆಂದರಲ್ಲಿ ಕತ್ತರಿ ಹಾಕುವಂತಿಲ್ಲ. ಹೊರಗೆ ಮುಖ ಮಾಡಿದ ಕಣ್ಣು, ಅಂದರೆ ಚಿಗುರೊಡೆಯುವ ಜಾಗ ನೋಡಿ, ಅದರ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಬೇಕು. ಒಳಮುಖದ ಕಣ್ಣು ಉಳಿಸಿದರೆ ಚಿಗುರು ಗಿಡದ ಹೊಟ್ಟೆಯೊಳಗೇ ನುಗ್ಗುತ್ತದೆ. ಗಾಳಿ ಆಡದೆ ಎಲೆಗೆ ಕಪ್ಪು ಚುಕ್ಕೆ ರೋಗ ಹಿಡಿಯುತ್ತದೆ. ಒಂದೊಂದು ಕಡ್ಡಿಯ ಮುಂದೆಯೂ ನಾವಿಬ್ಬರು ನಿಂತು ಚರ್ಚೆ ಮಾಡಿದ್ದೇವೆ. ಚರ್ಚೆ ಅಂತ ಮರ್ಯಾದೆಗೆ ಹೇಳಿದೆ, ಜಗಳವೇ. ಇನ್ನು ಆರೇಳು ವಾರ ಕಾದರೆ ಹೂ. ಅಷ್ಟರಲ್ಲಿ ಇವರು ಬಂದು ಸಾವಿನ ಸುದ್ದಿ ಹೇಳಿ ಹೋದರು.

ಮಳೆ ಈಗ ತಾನೇ ಹಿಂದೆ ಸರಿದಿದೆ. ತೋಟದಲ್ಲಿ ಕೆಲಸ ಜಾಸ್ತಿ, ತೋರಿಸುವುದು ಕಡಿಮೆ ಇರುವ ಹೊತ್ತು ಇದು. ಮಳೆಗಾಲ ಪೂರ್ತಿ ಡೇರೆ ಹೂಗಳು ತಟ್ಟೆಯಗಲ ಅರಳಿದ್ದವು. ಆ ಫೋಟೋಗೆ ಎಲ್ಲರೂ ಹೃದಯ ಒತ್ತಿದಿರಿ, ಸಂತೋಷ. ಆದರೆ ರಾತ್ರಿ ಊಟ ಆದ ಮೇಲೆ ಒಬ್ಬರು ಟಾರ್ಚು, ಇನ್ನೊಬ್ಬರು ಡಬ್ಬ ಹಿಡಿದು ಬಸವನಹುಳು ಹೆಕ್ಕಿದ್ದನ್ನು ಯಾರೂ ನೋಡಲಿಲ್ಲ. ಎಳೇ ಚಿಗುರನ್ನು ಅವು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಹೂವಿನ ಭಾರಕ್ಕೆ ಬಾಗುವ ದಂಟಿಗೆ ಕೋಲು ಕಟ್ಟಬೇಕು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಈಗ ಆ ಗೆಡ್ಡೆಗಳನ್ನು ಕಿತ್ತು ನೆರಳಲ್ಲಿ ಒಣಗಿಸಿದ್ದೇವೆ. ಬಂದವರು "ಇದೇನು, ಗೆಣಸಾ?" ಅಂದರು.

ಸೇವಂತಿಗೆ ಕಥೆ ಇನ್ನೂ ದೊಡ್ಡದು. ಗಿಡ ಪೊದೆಯಾಗಲಿ ಅಂತ ಎಳೆಯದರಲ್ಲೇ ತುದಿ ಚಿವುಟುತ್ತೇವೆ. ಆಮೇಲೆ ಅದು ಕಾಯುವುದು ಕತ್ತಲೆಗೆ. ರಾತ್ರಿ ಉದ್ದವಾದರೇ ಅದು ಮೊಗ್ಗು ಹಿಡಿಯುವುದು. ಗಿಡಗಳು ಹೀಗೆ ಹಗಲು ರಾತ್ರಿಯ ಅಳತೆ ನೋಡಿ ಹೂ ಬಿಡುತ್ತವೆ ಅಂತ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು 1920ರಲ್ಲೇ ಪ್ರಕಟಿಸಿದ್ದಾರೆ. ನಡುರಾತ್ರಿ ದೀಪ ಬಿದ್ದರೂ ಲೆಕ್ಕ ತಪ್ಪಿ ಮೊಗ್ಗು ತಡವಾಗುತ್ತದೆ. ನಮ್ಮವರಿಗೋ ಕಳ್ಳರ ಭಯ, ಗೇಟಿನ ದೀಪ ರಾತ್ರಿಯಿಡೀ ಉರಿಯಲೇಬೇಕು. ವಿಜ್ಞಾನ ಹೇಳಿ ನೋಡಿದೆ, ಆಗಲಿಲ್ಲ. ಅದಕ್ಕೇ ಪ್ರತಿ ಸಲ ಕುಂಡಗಳನ್ನೆಲ್ಲ ಹಿತ್ತಲಿನ ಕತ್ತಲೆಗೆ ಹೊರುವುದು. ಹೊರುವವರು ಅವರೇ, ನ್ಯಾಯ ಅಂದರೆ ನ್ಯಾಯ. ಈಗ ಎಲೆ ಸರಿಸಿ ನೋಡಿದರೆ ಸಣ್ಣ ಮೊಗ್ಗು ಕಾಣುತ್ತದೆ. ಆದರೆ ಎಲೆ ಸರಿಸೋಕೆ ಹಿತ್ತಲಿಗೆ ಬರಬೇಕಲ್ಲ!

ಮಲ್ಲಿಗೆ ಚಳಿ ಮುಗಿಯುವಾಗ ಕತ್ತರಿಸಿಕೊಂಡು ಬೇಸಿಗೆಗೆ ತುಂಬಿಕೊಳ್ಳುತ್ತದೆ, ಅದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ನನ್ನ ಮೆಚ್ಚಿನದು ಫುಟ್‌ಬಾಲ್ ಲಿಲ್ಲಿ. ತಿಂಗಳುಗಟ್ಟಲೆ ಮಣ್ಣಿನ ಮೇಲೆ ಏನೂ ಇರುವುದಿಲ್ಲ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಎಲೆ ಸರಿಯಾಗಿ ಬಿಚ್ಚುವ ಮೊದಲೇ ದುಂಡನೆಯ ಕೆಂಪು ಹೂ ಎದ್ದು ನಿಲ್ಲುತ್ತದೆ. ಬಂದವರು ಆ ಕುಂಡ ನೋಡಿ "ಇದು ಖಾಲಿ ಇದೆಯಲ್ಲ, ಏನಾದರೂ ಹಾಕಿ" ಅಂತ ಸಲಹೆ ಕೊಟ್ಟರು. ಖಾಲಿಯಂತೆ!

ಕೆಲವರು ಹೇಳಬಹುದು, ಅಷ್ಟು ಬೇಜಾರಾದರೆ ವರ್ಷವಿಡೀ ಹೂ ಬಿಡುವ ಗಿಡ ಹಾಕಿ ಅಂತ. ಹಾಕಿದ್ದೇವೆ ಸ್ವಾಮಿ. ದಾಸವಾಳ ಇದೆ, ಇವತ್ತು ಅರಳಿದ್ದು ನಾಳೆ ಮುದುಡಿದರೂ ಇನ್ನೊಂದು ರೆಡಿ ಇರುತ್ತದೆ. ಈಗ ಹಿಟ್ಟು ತಿಗಣೆ ಅನ್ನುವ ಬಿಳಿ ಕೀಟ ಹತ್ತಿ ಚಿಕಿತ್ಸೆಯಲ್ಲಿದೆ, ಆ ಮಾತು ಬೇರೆ. ನಿತ್ಯಪುಷ್ಪವಂತೂ ಗೋಡೆಯ ಬಿರುಕಿನಲ್ಲೂ ಇದೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಸಿಕ್ಕಿದ್ದು ಇದೇ ಗಿಡದಿಂದ. ಬಂದವರ ಚಪ್ಪಲಿ ಪಕ್ಕದಲ್ಲೇ ಅದು ಗುಲಾಬಿ ಬಣ್ಣದಲ್ಲಿ ಅರಳಿ ನಿಂತಿತ್ತು. "ಈಗೇನೂ ಇಲ್ವೇ ಇಲ್ಲ" ಅಂದಿದ್ದು ಅದರ ಮುಂದೆಯೇ ನಿಂತು! ದಿನಾ ಸಿಗುವ ಹೂ ಅವರ ಲೆಕ್ಕಕ್ಕೇ ಬರಲಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಮಣ್ಣಿಗೆ ಕೈ ಹಾಕಿದ್ದು ಹೂವಿನ ಆಸೆಗೇನೂ ಅಲ್ಲ. ಮಕ್ಕಳು ದೂರ ಹೋದ ಮೇಲೆ ನಮ್ಮಿಬ್ಬರಿಗೆ ಮಾತಾಡೋಕೆ ಏನೂ ಉಳಿದಿರಲಿಲ್ಲ. "ಊಟ ಆಯ್ತಾ", "ಆಯ್ತು", ಅಷ್ಟೇ. ಈಗ ಬೆಳಿಗ್ಗೆ ಎದ್ದ ಕೂಡಲೇ ಯಾವ ಗಿಡಕ್ಕೆ ನೀರು ಜಾಸ್ತಿ ಆಯ್ತು ಅಂತ ಶುರುವಾದರೆ ಮಧ್ಯಾಹ್ನದವರೆಗೂ ನಡೆಯುತ್ತದೆ. ಹೂ ಇರುವ ವಾರಗಳಲ್ಲಿ ನಾವು ಜಗಳ ಆಡುವುದೇ ಕಡಿಮೆ, ಸುಮ್ನೆ ನೋಡ್ತಾ ಕೂತಿರುತ್ತೇವೆ. ನಿಜ ಹೇಳಬೇಕೆಂದರೆ ನನಗೆ ಈ ಬೋಳು ತಿಂಗಳುಗಳೇ ಇಷ್ಟ.

ಇನ್ನೊಂದು ತಮಾಷೆ ಕೇಳಿ. ಹೂ ತುಂಬಿದ್ದಾಗ ಬಂದವರೆಲ್ಲ "ನಂಗೂ ಒಂದು ಕಡ್ಡಿ ಕೊಡಿ" ಅಂತಾರೆ. ಕಡ್ಡಿ ಕೊಡುವ ಹೊತ್ತು ಇದು! ಪೆನ್ಸಿಲ್ ದಪ್ಪ, ಮೂರು ನಾಲ್ಕು ಕಣ್ಣು ಇರುವ ನಾಟಿ ಗುಲಾಬಿ ಕಡ್ಡಿಗಳನ್ನು ಆರಿಸಿ ಬಕೆಟ್ ನೀರಲ್ಲಿ ನಿಲ್ಲಿಸಿದ್ದೇವೆ. ಕೆಳಗಿನ ಕಣ್ಣು ಮಣ್ಣೊಳಗೆ ಹೋಗಬೇಕು, ನೆರಳಲ್ಲಿಡಿ, ಬೇರು ಬಿಡುವ ತನಕ ಎಳೆದು ನೋಡಬೇಡಿ. ಬೇಕಾದವರು ನಾಳೆ ಸಂಜೆಯೊಳಗೆ ಬನ್ನಿ. ಬರುವಾಗ ಗೇಟಿನ ಪಕ್ಕದ ನಿತ್ಯಪುಷ್ಪ ತುಳಿದರೆ ಕಡ್ಡಿ ಇಲ್ಲ.