ಹವ್ಯಾಸಿ ಐಸ್ ಹಾಕಿಯಲ್ಲಿ ಸ್ಲ್ಯಾಪ್ ಶಾಟ್ ಹೊಡೆದರೆ ಪೆನಾಲ್ಟಿ ಬೇಕೇ?

ಪರ

ಐಸ್ ಹಾಕಿಯ ಪಕ್ ಎಂದರೆ ಸುಮಾರು 7.6 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪ ಮತ್ತು 156ರಿಂದ 170 ಗ್ರಾಂ ತೂಕವಿರುವ ಗಟ್ಟಿ ರಬ್ಬರಿನ ಬಿಲ್ಲೆ. ಸ್ಲ್ಯಾಪ್ ಶಾಟ್‌ನಲ್ಲಿ ಆಟಗಾರನು ಸ್ಟಿಕ್ಕನ್ನು ಹಿಂದಕ್ಕೆತ್ತಿ, ಪಕ್‌ಗಿಂತ ತುಸು ಹಿಂದೆ ಮಂಜುಗಡ್ಡೆಗೆ ಬೀಸಿ ಬಡಿಯುತ್ತಾನೆ. ಆಗ ಬಿಲ್ಲಿನಂತೆ ಬಾಗಿದ ಸ್ಟಿಕ್ ನೆಟ್ಟಗಾಗುವ ರಭಸ ಪಕ್‌ಗೆ ಸೇರುತ್ತದೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2012ರ ಕೌಶಲ ಸ್ಪರ್ಧೆಯಲ್ಲಿ ಆಟಗಾರ ಝ್ಡೆನೊ ಚಾರಾ ಹೀಗೆ ಹೊಡೆದ ಪಕ್ ಗಂಟೆಗೆ 175 ಕಿ.ಮೀ. ವೇಗ ತಲುಪಿತ್ತು. ಹವ್ಯಾಸಿಗಳು ಆ ವೇಗದ ಹತ್ತಿರಕ್ಕೂ ಬರುವುದಿಲ್ಲ ಎಂಬ ವಾದವನ್ನು ಒಪ್ಪೋಣ. ಆದರೆ ಚಾರಾ ಅವರಿಗಿದ್ದ ಗುರಿಯೂ ಹವ್ಯಾಸಿಗಳಿಗೆ ಇರುವುದಿಲ್ಲ, ಅಪಾಯವಿರುವುದು ಅಲ್ಲಿಯೇ.

ಹೊಡೆತಕ್ಕೆ ಮುನ್ನ ಹಿಂದಕ್ಕೆ ಹೋಗುವ ಸ್ಟಿಕ್ಕಿಗೂ, ಹೊಡೆದ ಮೇಲೆ ಮುಂದಕ್ಕೆ ಚಿಮ್ಮುವ ಸ್ಟಿಕ್ಕಿಗೂ ಪಕ್ಕದವನ ಮುಖ ಸಿಗಬಹುದು. ಸ್ಟಿಕ್ಕನ್ನು ಎತ್ತರಕ್ಕೆ ಬೀಸಿ ಎದುರಾಳಿಗೆ ತಾಗಿಸಿದರೆ ಎನ್‌ಎಚ್‌ಎಲ್ ನಿಯಮದಂತೆ ಪೆನಾಲ್ಟಿ ಇದ್ದರೂ, ಹೊಡೆತದ ಸಹಜ ಬೀಸಿನಲ್ಲಿ ಅಕಸ್ಮಾತ್ ತಾಗಿದರೆ ವಿನಾಯಿತಿ ಇದೆ. ವೃತ್ತಿಪರರಿಗೆ ಒಪ್ಪುವ ಈ ವಿನಾಯಿತಿ, ಸ್ಕೇಟ್ ಮೇಲೆ ನಿಲ್ಲಲು ಈಗಷ್ಟೇ ಕಲಿತವರೂ ಹತ್ತು ವರ್ಷ ಆಡಿದವರೂ ಒಂದೇ ತಂಡದಲ್ಲಿರುವ ಆಟಕ್ಕೆ ಒಪ್ಪುವುದಿಲ್ಲ. ಮರುದಿನ ಇವರೆಲ್ಲ ಕೆಲಸಕ್ಕೆ ಹೋಗಬೇಕಾದವರು ಎಂಬುದನ್ನೂ ಮರೆಯಬಾರದು.

ಶಿಳ್ಳೆ ಊದಿ ಆಟ ನಿಲ್ಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಹೊಡೆದವನಿಗೆ ಅದರಿಂದ ಆಗುವ ನಷ್ಟ ಅತ್ಯಲ್ಪ. ಎರಡು ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತು, ತನ್ನ ತಂಡ ಒಬ್ಬ ಕಡಿಮೆಯಾಗಿ ಆಡುವುದನ್ನು ನೋಡಬೇಕಾದಾಗ ಮಾತ್ರ ಅಭ್ಯಾಸ ಬದಲಾಗುತ್ತದೆ, ಏಕೆಂದರೆ ಆಗ ಬುದ್ಧಿ ಹೇಳುವವರು ಸ್ವಂತ ತಂಡದವರೇ ಆಗಿರುತ್ತಾರೆ.

ವಿರೋಧ

ಈ ನಿಯಮದ ಮೊದಲ ತೊಡಕು ಅಳತೆಯದು: ಸ್ಟಿಕ್ಕನ್ನು ಎಷ್ಟು ಎತ್ತರಕ್ಕೆತ್ತಿದರೆ ಅದು ಸ್ಲ್ಯಾಪ್ ಶಾಟ್? ಸ್ಟಿಕ್ ಮಂಡಿಗಿಂತ ಮೇಲೆ ಹೋದರೆ ತಪ್ಪೋ, ಸೊಂಟಕ್ಕಿಂತ ಮೇಲೆ ಹೋದರೆ ತಪ್ಪೋ? ಆಟಗಾರ ಮಂಡಿ ಬಗ್ಗಿಸಿ ಜಾರುತ್ತಿರುವಾಗ ಯಾವ ಮಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು? ತುಸುವೇ ಹಿಂದಕ್ಕೆಳೆದು ಹೊಡೆಯುವ ಸ್ನ್ಯಾಪ್ ಶಾಟ್‌ಗೂ ಇದಕ್ಕೂ ನಡುವಿನ ಗೆರೆಯನ್ನು ರೆಫರಿ ಅರೆಕ್ಷಣದಲ್ಲಿ ಎಳೆಯಬೇಕಾಗುತ್ತದೆ, ಎಳೆದ ಪ್ರತಿಸಲವೂ ಜಗಳ ಕೇಳಬೇಕಾಗುತ್ತದೆ.

ಇನ್ನೂ ಮುಖ್ಯವಾದ ಆಕ್ಷೇಪವೆಂದರೆ, ನಿಯಮವು ಅಳೆಯುವುದು ಸ್ಟಿಕ್ಕಿನ ಎತ್ತರವನ್ನು, ಪಕ್‌ನ ವೇಗವನ್ನಲ್ಲ. ನುರಿತವನೊಬ್ಬ ಸ್ಟಿಕ್ಕನ್ನು ಮಂಜಿನಿಂದ ಎತ್ತದೆಯೇ ಮಣಿಕಟ್ಟಿನ ಬಲದಿಂದ ಚಿಮ್ಮಿಸುವ ರಿಸ್ಟ್ ಶಾಟ್, ಹೊಸಬನ ಸ್ಲ್ಯಾಪ್ ಶಾಟ್‌ಗಿಂತ ವೇಗವಾಗಿರಬಲ್ಲದು, ಅದಕ್ಕೆ ದಂಡವಿಲ್ಲ. ಪಕ್‌ಗೆ ಸರಿಯಾಗಿ ತಾಗದೆ ಮಂಜನ್ನು ಕೆರೆದ ಹೊಸಬ ಮಾತ್ರ ಪೆಟ್ಟಿಗೆಗೆ ಹೋಗುತ್ತಾನೆ. ಸ್ವಲ್ಪ ನಗು ತರಿಸುವ ನ್ಯಾಯವಿದು.

1959ರ ನವೆಂಬರ್ 1ರಂದು ಎನ್‌ಎಚ್‌ಎಲ್ ಪಂದ್ಯವೊಂದರಲ್ಲಿ ಆಂಡಿ ಬಾಥ್‌ಗೇಟ್ ಹೊಡೆದ ಪಕ್ ಎದುರಾಳಿ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಅವರ ಮುಖಕ್ಕೆ ತಗುಲಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್ ಮುಖವಾಡ ಧರಿಸಿಯೇ ಕಣಕ್ಕೆ ಮರಳಿದರು, ಮುಂದೆ ಅದು ಗೋಲ್‌ಕೀಪರ್‌ಗಳೆಲ್ಲರ ರೂಢಿಯಾಯಿತು. ಅಲ್ಲಿ ಬದಲಾದದ್ದು ರಕ್ಷಣಾ ಸಾಮಗ್ರಿ, ಹೊಡೆತವಲ್ಲ. ಹವ್ಯಾಸಿ ಆಟದಲ್ಲೂ ಎಲ್ಲರಿಗೂ ಪೂರ್ತಿ ಮುಖ ಮುಚ್ಚುವ ಜಾಲರಿ ಕಡ್ಡಾಯವಾಗಲಿ, ಪರಿಣತಿಗೆ ತಕ್ಕಂತೆ ವಿಭಾಗಗಳಾಗಲಿ. ಗೋಲಿನ ಮುಂದೆ ಜನ ಗುಂಪುಗೂಡಿರುವಾಗ ಕಣ್ಣುಮುಚ್ಚಿ ಹೊಡೆದವನಿಗೆ, ಹೊಡೆತ ಯಾವ ಬಗೆಯದೇ ಆಗಿರಲಿ, ಎರಡು ನಿಮಿಷ ಕೊಡುವ ಅಧಿಕಾರ ರೆಫರಿಗಿರಲಿ.