ಸತ್ಯಾಂಶ: ಗೋರಿಯ ಮೇಲಿನ ಕಬ್ಬಿಣದ ಪಂಜರ

ವಿಕ್ಟೋರಿಯಾ ಕಾಲದಲ್ಲಿ ಹೆಣ ಎದ್ದು ಬರದಿರಲಿ ಅಂತ ಗೋರಿಗೆ ಪಂಜರ ಹಾಕುತ್ತಿದ್ದರಂತೆ. ಫೋಟೊ ಸಮೇತ ಈ ಮೆಸೇಜು ಆಗಾಗ ಬರುತ್ತದೆ. ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೀತು. ಆದರೆ ಭಯ ಇದ್ದದ್ದು ಹೊರಗಿನ ಕಳ್ಳರದು. ಅಂಗರಚನೆ ಕಲಿಸುವವರಿಗೆ ಹೆಣ ಸಾಲದೆ, ಸ್ಕಾಟ್ಲೆಂಡಿನಲ್ಲಿ ಹೊಸ ಗೋರಿ ಅಗೆದು ಕದ್ದು ಮಾರುತ್ತಿದ್ದರು. ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನ ಅಂಗಳದಲ್ಲಿ ಇಂಥ ಪಂಜರಗಳು ಈಗಲೂ ಇವೆ. ಎಷ್ಟೋ ಕಡೆ ಕೆಲವು ವಾರ ಇಟ್ಟು, ಹೆಣ ಕೊಳೆತ ಮೇಲೆ ತೆಗೆದು ಇನ್ನೊಂದು ಗೋರಿಗೆ ಹಾಕುತ್ತಿದ್ದರು. ದೆವ್ವಕ್ಕೆ ಹೆದರಿದವರು ಸುಮ್ನೆ ತೆಗೀತಿದ್ರಾ?

ಬ್ರಿಟನ್ನಿನ 1832ರ ಕಾಯ್ದೆಯಿಂದ ಕಲಿಕೆಗೆ ಹೆಣ ಕಾನೂನು ಪ್ರಕಾರವೇ ಸಿಗತೊಡಗಿತು, ಕಳ್ಳತನ ಇಳಿಯಿತು. ವಿಕ್ಟೋರಿಯಾ ರಾಣಿಯಾದದ್ದು 1837ರಲ್ಲಿ, ಅಂದರೆ ಪಂಜರ ಬೇಕಿದ್ದ ಕಾಲ ಅದಕ್ಕೂ ಮುಂಚಿನದು.

ಇಂಥ ಫೋಟೊ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ ಜಾಗ ಯಾವುದು ನೋಡಿ. ಆಮೇಲೆ ಇಸವಿ ತಾಳೆ ಹಾಕಿ.