ಅಕ್ಕನ ಮಗನ ಡಿಜೆ ಲ್ಯಾಪ್‌ಟಾಪ್

ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳಿಂದ ಹೊರಡುವ ದಶಮಂಟಪಗಳ ಮೆರವಣಿಗೆಯ ಮುಂದೆ ಬೆಳಗಿನವರೆಗೆ ಕುಣಿದು ಬಂದವನೇ ಅಕ್ಕನ ಮಗ ಡಿಜೆ ಆಗುತ್ತೇನೆ ಅಂದ. ಕೊಡಗಿನಲ್ಲಿ ಈ ವಯಸ್ಸಿನ ಹುಡುಗರಿಗೆ ಒಂದೋ ಹಾಕಿ ಆಟ, ಇಲ್ಲವೇ ಇದು. "ಮಾವ, ಲ್ಯಾಪ್‌ಟಾಪ್ ಯಾವುದು ತಗೊಳ್ಳಲಿ?" ಅಂತ ನನ್ನ ಬಳಿ ಬಂದ. ನಮ್ಮ ಕುಟುಂಬದಲ್ಲಿ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಫೋನ್ ಬರುವುದು ನನಗೇ.

ಭಾವನದ್ದು ಒಂದೇ ಪ್ರಶ್ನೆ: "ಹಾಡು ಹಾಕೋಕೆ ಮೊಬೈಲ್ ಸಾಲದಾ?"

ಮೈಸೂರಿನ ಅಂಗಡಿಯಲ್ಲಿ ಕೀಬೋರ್ಡ್ ತುಂಬ ಕೆಂಪು, ಹಸಿರು ದೀಪ ಮಿನುಗುವ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿದರು. ಹುಡುಗ ಅಲ್ಲೇ ಕರಗಿಹೋದ. ಸಂಗೀತದ ಕೆಲಸಕ್ಕೆ ಅದರ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹೆಚ್ಚೇನೂ ಮಾಡುವುದಿಲ್ಲ. ಅದರ ಫ್ಯಾನ್ ಸದ್ದು ಮಾತ್ರ ಮೈಕಿನೊಳಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಪ್ರೊಸೆಸರ್, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು ಅಂದೆ. ಆಪಲ್ ಆದರೆ ಸೌಂಡ್ ಡ್ರೈವರ್ ತಲೆನೋವು ಕಮ್ಮಿ, ಸಂಗೀತ ಮಾಡುವ ಲಾಜಿಕ್ ಪ್ರೊ ಸಾಫ್ಟ್‌ವೇರ್ ಓಡುವುದೂ ಅದರಲ್ಲಿ ಮಾತ್ರ. ಬೆಲೆ ಕೇಳಿದ ಭಾವ, ಮನಸ್ಸಿನಲ್ಲೇ ಆ ವರ್ಷದ ಕರಿಮೆಣಸನ್ನು ಒಮ್ಮೆ ತೂಗಿ ನೋಡಿ, ಅಂಗಡಿಯಿಂದ ಹೊರಗೆ ಹೋಗಿ ನಿಂತರು. ಹಾಗಾಗಿ ವಿಂಡೋಸ್.

ಉಳಿದ ದುಡ್ಡಿನಲ್ಲಿ ಸೌಂಡ್ ಕಾರ್ಡ್ ಒಳಗೇ ಇರುವ ಒಂದು ಕಂಟ್ರೋಲರ್, ಅಂದರೆ ಹಾಡು ಬೆರೆಸುವ ಗುಂಡಿ, ಚಕ್ರಗಳ ಪೆಟ್ಟಿಗೆ, ಕೊಡಿಸಿದೆ. ನನ್ನ ಕೇಳಿದರೆ ಮೊದಲು ಕೊಳ್ಳಬೇಕಾದದ್ದೇ ಇದು. ಜನರಿಗೆ ಕೇಳುವ ಹಾಡು ಒಂದು ದಾರಿಯಲ್ಲಿ ಸ್ಪೀಕರಿಗೆ, ಮುಂದಿನ ಹಾಡು ಇನ್ನೊಂದು ದಾರಿಯಲ್ಲಿ ಡಿಜೆಯ ಹೆಡ್‌ಫೋನಿಗೆ ಹೋಗಬೇಕಲ್ವಾ? ಲ್ಯಾಪ್‌ಟಾಪಿನ ಒಂದೇ ತೂತಿನಲ್ಲಿ ಅದು ನೆಟ್ಟಗೆ ಆಗುವ ಕೆಲಸವಲ್ಲ.

ಆದರೆ ಇಷ್ಟೆಲ್ಲ ಅಂಗಡಿಯ ಲೆಕ್ಕ. ಜೂನ್ ಬಂದಮೇಲೆ ನಮ್ಮೂರಿನ ಲೆಕ್ಕ ಶುರುವಾಯಿತು.

ಬಟನ್ ಒತ್ತಿದ ಕೂಡಲೇ ಸದ್ದು ಬರಬೇಕಾದರೆ ಬಫರ್, ಅಂದರೆ ಸದ್ದನ್ನು ಹೊರಗೆ ಬಿಡುವ ಮುನ್ನ ಕೂಡಿಟ್ಟುಕೊಳ್ಳುವ ಜಾಗ, ಚಿಕ್ಕದಿರಬೇಕು. 44.1 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಇಟ್ಟರೆ ಸುಮಾರು 3 ಮಿಲಿಸೆಕೆಂಡ್ ತಡ, 1024 ಇಟ್ಟರೆ 23. ಹುಡುಗ 128 ಇಟ್ಟ. ಚೆನ್ನಾಗಿಯೇ ಓಡುತ್ತಿತ್ತು. ಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ತನ್ನ ಓಟ ತಗ್ಗಿಸಿತು, ಬಫರ್ ಹೊತ್ತಿಗೆ ಸರಿಯಾಗಿ ತುಂಬದೆ ಹಾಡು ಕರಕರ ಅನ್ನತೊಡಗಿತು. ಭಾವ ಶೀಟಿನ ಮೇಲೆ ಆಲಿಕಲ್ಲು ಬಿತ್ತು ಅಂತ ಅಂಗಳಕ್ಕೆ ಓಡಿದರು. ಪವರ್ ಸೆಟ್ಟಿಂಗ್ ಬದಲಿಸಿ, ಸ್ಪೀಕರುಗಳಿಗೆ ಯುಪಿಎಸ್ ತಂದೆವು. ಕರೆಂಟ್ ಹೋದಾಗಲೆಲ್ಲ ಅದು ಬೀಪ್ ಬೀಪ್ ಅನ್ನುತ್ತದೆ. ಹುಡುಗ ಅದನ್ನೇ ರೆಕಾರ್ಡ್ ಮಾಡಿ ಹಾಡಿಗೆ ಸೇರಿಸಿದ. ಪರವಾಗಿಲ್ಲ, ಚೆನ್ನಾಗಿಯೇ ಇದೆ.

ಬೆಲ್ಟು, ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಕಂಟ್ರೋಲರ್ ಈಗ ಅಕ್ಕನ ರೇಷ್ಮೆ ಸೀರೆಗಳ ಜೊತೆ, ಬಲ್ಬ್ ಉರಿಯುವ ಬೀರುವಿನಲ್ಲಿದೆ.

ಆಮೇಲೆ ನಮ್ಮ ಮದುವೆಗಳಲ್ಲಿ ಕುಣಿತಕ್ಕೆ ಬಾರಿಸುವ ವಾಲಗದ ಹುಚ್ಚು ಹತ್ತಿತು. ವಾಲಗಕ್ಕೆ ಡಿಜೆ ಬೀಟ್ ಬೆರೆಸಬೇಕಂತೆ. ಸಾಫ್ಟ್‌ವೇರ್ ಕೇಳಿದ್ದು ನಿಮಿಷಕ್ಕೆ ಎಷ್ಟು ಬೀಟ್ ಅಂತ. ವಾಲಗದವರು ಕುಣಿಯುವವರ ಕಾಲು ನೋಡಿ ಬಾರಿಸುತ್ತಾರೆ. ಅಜ್ಜಂದಿರು ಇಳಿದರೆ ನಿಧಾನ, ಹುಡುಗರು ನುಗ್ಗಿದರೆ ಜೋರು. ಪ್ರತಿ ಪೆಟ್ಟಿಗೂ ಕೈಯಾರೆ ಗುರುತು ಹಾಕುತ್ತಾ ಅವನು ರಾತ್ರಿಗಳನ್ನು ಕಳೆದ. ಇದಕ್ಕೆ ಯಾವ ಪ್ರೊಸೆಸರ್ ತಂದರೂ ಅಷ್ಟೇ.

ಮಾರ್ಚಿನಲ್ಲಿ ವಿರಾಜಪೇಟೆಯ ಒಂದು ಮದುವೆಗೆ ಕರೆ ಬಂತು. ಹಾಡಿನ ಬೇಡಿಕೆಗಳು ಬರಲಿ ಅಂತ ಲ್ಯಾಪ್‌ಟಾಪಿನಲ್ಲೇ ವಾಟ್ಸಾಪ್ ತೆರೆದಿಟ್ಟಿದ್ದ. ಕಂಪ್ಯೂಟರಿನ ಎಲ್ಲ ಸದ್ದೂ ಕಂಟ್ರೋಲರಿಗೇ ಹೋಗುವಂತೆ ಸೆಟ್ಟಿಂಗ್ ಇತ್ತು. ಕುಣಿತ ರಂಗೇರಿದ ಹೊತ್ತಿಗೆ ತೋಟದಿಂದ ಭಾವನ ಕರೆ. ಕಟ್ ಮಾಡಲು ಹೋಗಿ ಎತ್ತಿಬಿಟ್ಟ. ಅಷ್ಟೂ ಸ್ಪೀಕರುಗಳಲ್ಲಿ ಭಾವನ ದನಿ: "ಲೋ ಮಗಾ, ಒಂದು ಇಂಚು ಬಂತು ಕಣೋ!"

ಕಾಫಿ ಬೆಳೆಗಾರರಿಗೆ ಹೂಮಳೆಯ, ಅಂದರೆ ಗಿಡ ಹೂಬಿಡಲು ಬೇಕಾದ ಮಳೆಯ ಸುದ್ದಿ. ನಮ್ಮಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ಸಂಜೆಯಿಡೀ ಯಾವ ಹಾಡಿಗೂ ಬೀಳದ ಶಿಳ್ಳೆ ಬಿತ್ತು. ಮರುಕ್ಷಣ ಎಲ್ಲರ ಕೈಯಲ್ಲೂ ಫೋನು. "ನಾಪೋಕ್ಲು ಕಡೆ?" "ಪೊನ್ನಂಪೇಟೆಗೆ ಬಂತಾ?" ಅನ್ನುತ್ತಾ ಸಿಗ್ನಲ್ ಹುಡುಕಿಕೊಂಡು ಹೊರಗೆ ನಡೆದರು. ಖಾಲಿ ಹಾಲ್‌ನಲ್ಲಿ ಹಾಡು ಮಾತ್ರ ಓಡುತ್ತಿತ್ತು. ವಯಸ್ಸಾದವರೊಬ್ಬರು ನೆಟ್ಟಗೆ ಡಿಜೆ ಮೇಜಿನ ಬಳಿ ಬಂದರು. ಹುಡುಗ, ಯಾವ ಹಾಡು ಬೇಕು ಅಂತ ಕೇಳಿದ.

"ಹಾಡು ಇರಲಿ ಮರಿ. ನಿನ್ನ ಅಪ್ಪನ ಹತ್ತಿರ ಇನ್ನೊಂದ್ಸಲ ಕೇಳು. ಸರಿಯಾಗಿ ಒಂದು ಇಂಚಾ, ಎಂಬತ್ತು ಸೆಂಟಾ?"